ಅಕ್ಕನ ಕಾಲು, ಮುಂದಿನ ಸೀಟು

ಕಾಯುವುದು ಎಂದರೆ ನನಗೆ ಹುಟ್ಟಿನಿಂದಲೇ ಆಗದು. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಯಳಂದೂರಿನ ಬಸ್ಸಿಗೆ ನಿಂತಾಗಲೂ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಹತ್ತಿ ಕೂತ ಮೇಲೆ ಪಕ್ಕದವರನ್ನೂ ಇನ್ನೊಮ್ಮೆ ಕೇಳುವ ಪ್ರಾಣಿ ನಾನು. ಬಸ್ಸು ಹೊರಟ ಮೇಲೂ ಕಿಟಕಿಯಿಂದ ಊರೂರಿನ ಬೋರ್ಡು ಓದುತ್ತಾ ಹೋಗುತ್ತಿದ್ದೆ. ಅಂಥವನಿಗೆ ದೇವರು ವಿಮಾನ ಹತ್ತಿಳಿಯುವ ಕೆಲಸ ಕೊಟ್ಟ.

ಕೆಲಸ ಕರಿಕಲ್ಲಿನದು. ನಮ್ಮ ಕಡೆಯ ಗುಡ್ಡಗಳಲ್ಲಿ ಸಿಗುವ ಕಪ್ಪು ಗ್ರಾನೈಟನ್ನು ಹೊರದೇಶದವರು ಕೊಂಡು ನುಣುಪು ಮಾಡಿ, ಗೋರಿಗಳ ಮೇಲೆ ಹೆಸರು ಕೆತ್ತಿ ನಿಲ್ಲಿಸುತ್ತಾರೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಸೇರಿದ ರಫ್ತು ಕಂಪನಿ, ಕಲ್ಲಿನ ಸ್ಯಾಂಪಲ್ ಚೂರುಗಳ ಪೆಟ್ಟಿಗೆ ಕೈಗೆ ಕೊಟ್ಟು ವರ್ಷಕ್ಕೆ ನಾಲ್ಕೈದು ಸಲ ಜರ್ಮನಿಗೋ ಜಪಾನಿಗೋ ಅಟ್ಟುತ್ತಿತ್ತು. ಕಸ್ಟಮ್ಸಿನವರು ಪೆಟ್ಟಿಗೆ ತೆಗೆಸಿ, ಕಲ್ಲು ನೋಡಿ, ನನ್ನ ಮುಖ ನೋಡುತ್ತಿದ್ದರು. ಇಷ್ಟು ದೂರ ಕಲ್ಲು ಹೊತ್ತುಕೊಂಡು ಬಂದವನಿಗೆ ತಲೆ ನೆಟ್ಟಗಿದೆಯೇ ಎಂಬ ಪ್ರಶ್ನೆ ಅವರ ಕಣ್ಣಲ್ಲಿ ಕಾಣುತ್ತಿತ್ತು.

ಹೀಗೆ ಓಡಾಡುವಾಗ ತೊಂಬತ್ತರ ದಶಕದಲ್ಲಿ ಒಂದು ವಿಮಾನ ಕಂಪನಿ ನನಗೊಂದು ಕಾರ್ಡು ಕೊಟ್ಟಿತು. ಅವರ ವಿಮಾನದಲ್ಲಿ ಹಾರಿದಷ್ಟು ಮೈಲಿ ನನ್ನ ಹೆಸರಿಗೆ ಜಮಾ ಆಗುತ್ತದೆ. ಮೈಲಿ ಏರಿದಂತೆ ಕಾರ್ಡಿನ ಬಣ್ಣ ಬದಲಾಗುತ್ತದೆ, ಮರ್ಯಾದೆಯೂ ಏರುತ್ತದೆ. ಸಾಕಷ್ಟು ಕೂಡಿಸಿದರೆ ಹಿಂದಿನ ಇಕ್ಕಟ್ಟಿನ ಸೀಟಿನವನನ್ನು ಮುಂದಿನ ಬಿಸಿನೆಸ್ ಕ್ಲಾಸಿಗೆ ಕರೆದು ಕೂರಿಸುತ್ತಾರೆ. ಬೇಕಾದರೆ ನಮ್ಮ ಮೈಲಿ ಖರ್ಚು ಮಾಡಿ ಮನೆಯವರನ್ನೂ ಕೂರಿಸಬಹುದು. ಇದನ್ನೆಲ್ಲ ನಾನು ಯಳಂದೂರಿನ ಅಕ್ಕನಿಗೆ ಅರ್ಧ ಗಂಟೆ ಬಿಡಿಸಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೇಳಿದಳು.

"ಬಸ್ಸಲ್ಲಿ ದಿನಾ ಓಡಾಡೋರ್ಗೆ ಕಂಡಕ್ಟರು ಮುಂದ್ಲ ಸೀಟು ಮಡಗಿರ್ತಾನಲ್ಲ, ಅಂಗೆ ಅನ್ನು," ಎಂದಳು.

ಹೌದು, ಅಷ್ಟೇ. ಆದರೆ ಕಂಡಕ್ಟರಿಗೆ ನಮ್ಮ ಮುಖ ಗೊತ್ತಿರುತ್ತದೆ. ಇಲ್ಲಿ ಯಾವ ಮುಖಕ್ಕೂ ಬೆಲೆಯಿಲ್ಲ. ಮೈಲಿಗೂ ಆಯಸ್ಸಿದೆ, ಅವಧಿ ಮುಗಿದರೆ ಒಣಗಿ ಉದುರುತ್ತದೆ. ನನ್ನಂಥವನಿಗೆ ಚಿಂತೆ ಮಾಡಲು ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಹತ್ತಿದ ಪ್ರತಿ ವಿಮಾನದ ಬೋರ್ಡಿಂಗ್ ಪಾಸಿನ ತುಂಡನ್ನು ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಟ್ಟೆ. ಕಂಪನಿಯವರು ಒಂದು ಪ್ರಯಾಣ ಜಮಾ ಮಾಡುವುದು ಮರೆತರೆ ಫ್ಯಾಕ್ಸ್ ಮೇಲೆ ಫ್ಯಾಕ್ಸ್ ಕಳಿಸುತ್ತಿದ್ದೆ. ನನ್ನ ಹೆಂಡತಿ ಆ ಡಬ್ಬ ನೋಡಿದಾಗಲೆಲ್ಲ, "ಯಾವತ್ತೋ ಒಂದಿನ ಒಳ್ಳೆ ಸೀಟಲ್ಲಿ ಕೂರೋಕೆ ಈಗ ದಿನಾ ನಿದ್ದೆ ಕೆಡಿಸ್ಕೋತಾರಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಆದರೆ ಅದು ನನಗಾಗಿ ಅಲ್ಲ ಎಂದು ಬೇಗನೆ ತೀರ್ಮಾನವಾಯಿತು.

ಅವ್ವ ಹೋದಾಗ ನಾನು ಇನ್ನೂ ಸರಿಯಾಗಿ ನಡೆಯುತ್ತಿರಲಿಲ್ಲವಂತೆ. ಅಕ್ಕನೇ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಮದುವೆಯಾಗಿ ಯಳಂದೂರಿಗೆ ಹೋಗುವಾಗಲೂ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು, ಭಾವ ಬೇಡ ಎನ್ನಲಿಲ್ಲ. ಭಾವ ತೀರಿಕೊಂಡ ಮೇಲೆ ಅವಳು ಒಬ್ಬಳೇ ಮಗಳನ್ನು ಓದಿಸಿದಳು. ಆ ಮಗಳು ನಮ್ಮ ಕಲ್ಲಿನ ಕಂಪನಿಯಲ್ಲೇ ಕೆಲಸಕ್ಕೆ ಸೇರಿ, ಜರ್ಮನಿಯ ಗೋದಾಮು ನೋಡಿಕೊಳ್ಳುತ್ತಿದ್ದ ಹುಡುಗನನ್ನು ಮದುವೆಯಾಗಿ ಅಲ್ಲಿಗೆ ಹೋದಳು. ಎರಡನೇ ವರ್ಷಕ್ಕೆ ಬಸುರಿ ಎಂದು ಫೋನು ಬಂತು. ತಾಯಿ ಹೋಗಿ ಬಾಣಂತನ ಮಾಡಬೇಕು, ಅದರಲ್ಲಿ ಮಾತೇ ಇಲ್ಲ.

ಮಾತು ಬಂದದ್ದು ಅಕ್ಕನ ಬಲಗಾಲಿನದು. ಅದಕ್ಕೂ ಮೊದಲೊಮ್ಮೆ ಹನೂರಿನಲ್ಲಿ ಬಸ್ಸಿಳಿಯುವಾಗ ಜಾರಿ ಬಿದ್ದು, ಮೊಣಕಾಲ ಕೆಳಗೆ ಮೂಳೆ ಮುರಿದು, ಒಳಗೆ ಪ್ಲೇಟು ಹಾಕಿದ್ದರು. ಆಮೇಲೆ ಅದೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ವಿಮಾನದ ಮಾತೆತ್ತಿದಾಗ ಅಲ್ಲಿನ ಡಾಕ್ಟರು ಕನ್ನಡಕ ತೆಗೆದಿಟ್ಟು, "ಕಾಲು ಚಾಚಿ ಮಲಗೋ ಹಾಗಿದ್ದರೆ ಕರಕೊಂಡು ಹೋಗಿ. ಇಳಿಬಿಟ್ಕೊಂಡು ಅಷ್ಟು ಹೊತ್ತು ಕೂರಿಸೋದಾದ್ರೆ ನಾನು ಬೇಡ ಅಂತೀನಿ. ಹೆಪ್ಪು ಮೇಲಕ್ಕೆ ಹೋದರೆ ನಮ್ಮ ಕೈಲಿ ಏನೂ ಇರೋದಿಲ್ಲ," ಎಂದರು.

ಆ ಮಾತು ಕೇಳಿದ ದಿನದಿಂದ ನನ್ನ ಕಣ್ಣ ಮುಂದೆ ಇದ್ದದ್ದು ಒಂದೇ, ಮುಂದಿನ ಸೀಟು. ಹಿಂದೆ ಜಾಗ ತುಂಬಿದ್ದಾಗ ಒಮ್ಮೆ ನನ್ನನ್ನು ಅಲ್ಲಿ ಕೂರಿಸಿದ್ದರು. ಗುಂಡಿ ಒತ್ತಿದರೆ ಕಾಲಡಿಯಿಂದ ಹಲಗೆ ಎದ್ದು ಬಂದು ಸೀಟು ಮಂಚವಾಗುತ್ತಿತ್ತು. ಅಕ್ಕ ಅದರ ಮೇಲೆ ಕಾಲು ಚಾಚಿ ಮಲಗಿ ಹೋಗಬೇಕು, ಅಷ್ಟೇ. ಬಿಸಿನೆಸ್ ಕ್ಲಾಸಿನ ಟಿಕೆಟ್ಟು ಕೊಳ್ಳುವುದು ನಮ್ಮಂಥವರ ಮಾತಲ್ಲ. ಡಬ್ಬದಲ್ಲಿದ್ದ ಮೈಲಿ ಒಬ್ಬರಿಗೆ, ಒಂದು ಕಡೆಗೆ ಸಾಕಾಗುವುದಕ್ಕೂ ಚೂರು ಕಡಿಮೆಯಿತ್ತು. ಅದನ್ನು ತುಂಬಿಸಲು ಜಪಾನಿನಿಂದ ಬರುವಾಗ ನೇರ ಬರದೆ ಎರಡು ಊರು ಸುತ್ತಿ ಬಂದೆ. ಜ್ವರವೂ ಬಂತು, ಮೈಲಿಯೂ ಬಂತು.

ವಿಮಾನ ಕಂಪನಿಯವರು ಕೊನೆಗೂ ಅಕ್ಕನ ಹೆಸರಿಗೆ ಒಂದು ಅಪ್‌ಗ್ರೇಡ್ ಚೀಟಿ ಕಳಿಸಿದರು. ಆದರೆ ಚೀಟಿ ಇದ್ದ ಮಾತ್ರಕ್ಕೆ ಸೀಟು ನಮ್ಮದಲ್ಲ. ಮುಂದೆ ಜಾಗ ಉಳಿದರೆ ಮಾತ್ರ ಕೊಡುತ್ತಾರೆ. ಅಲ್ಲಿಯವರೆಗೆ ವೇಯ್ಟಿಂಗ್ ಲಿಸ್ಟು. ಜೊತೆಗೆ, ಹೊರಡುವ ದಿನ ಕೌಂಟರಿನಲ್ಲಿ ಆ ಚೀಟಿಯನ್ನೇ ಕೊಡಬೇಕು. ನಾನು ದಿನಾ ಬೆಳಿಗ್ಗೆ ಬೆಂಗಳೂರಿನ ಅವರ ಆಫೀಸಿಗೆ ಫೋನು ಮಾಡುತ್ತಿದ್ದೆ. ಕೊನೆಕೊನೆಗೆ ಅಲ್ಲಿನ ಹುಡುಗಿ ನನ್ನ ದನಿ ಕೇಳಿದ ಕೂಡಲೇ, "ಇಲ್ಲ ಸಾರ್, ಇನ್ನೂ ಆಗಿಲ್ಲ," ಎನ್ನತೊಡಗಿದಳು.

ಹೊರಡುವ ಒಂದು ವಾರ ಮೊದಲು ಚೀಟಿಯನ್ನು ಅಕ್ಕನ ಕೈಗೆ ಕೊಟ್ಟೆ. ನನ್ನ ಬಳಿ ಇದ್ದರೆ ಗಳಿಗೆಗೊಮ್ಮೆ ತೆಗೆದು ನೋಡಿ ನೋಡಿ ಹರಿದೇ ಹಾಕುತ್ತೇನೆ ಎಂಬ ಭಯ. "ಪಾಸ್‌ಪೋರ್ಟು, ಟಿಕೆಟ್ಟು ನನ್ನ ಹತ್ರ ಇರ್ತವೆ. ಇದೊಂದು ನೀನು ಜೋಪಾನ ಮಾಡಕ್ಕ. ಇದಕ್ಕಿಂತ ಮುಖ್ಯ ಯಾವುದೂ ಇಲ್ಲ," ಎಂದೆ.

ಹೊರಡುವ ದಿನ ಮಂಗಳವಾರ. ಕಂಪನಿಯ ಕೆಲಸದ ಮೇಲೆ ನಾನೂ ಅವಳ ಜೊತೆಗೇ ಹೋಗುವವನಿದ್ದೆ. ಯಳಂದೂರಿನಿಂದ ಬಾಡಿಗೆ ಕಾರಿನಲ್ಲಿ ಮಧ್ಯಾಹ್ನಕ್ಕೆ ಮೊದಲೇ ಹೊರಟೆವು. ಹಿಂದಿನ ಸೀಟಿನಲ್ಲಿ ಅಕ್ಕನ ಕಾಲ ಕೆಳಗೆ ರಾಗಿಹಿಟ್ಟು, ಒಣಶುಂಠಿ, ಮೆಣಸು, ಓಮದ ಚೀಲಗಳು. ಕೊಳ್ಳೇಗಾಲ ಬರುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ.

"ಆ ಚೀಟಿ ಒಂದ್ಸಲ ಕೊಡಕ್ಕ, ನೋಡ್ತೀನಿ."

"ಅದು ಧನಗೆರೇಲಿ ಅದೆ ಕಣ್ಲಾ," ಎಂದಳು ಅಕ್ಕ.

ನಾನು ತಿರುಗಿ ಅವಳ ಮುಖ ನೋಡಿದೆ.

"ಇವತ್ತು ಮಂಗಳವಾರ, ಬಡಗಲು ದಿಕ್ಕಿಗೆ ಶೂಲ. ಅದ್ಕೇ ಭಾನುವಾರನೇ ಪ್ರಸ್ಥಾನ ಮಡಗಿಸಿವ್ನಿ. ದಾರೀಲೇ ಅಲ್ವಾ, ತಕಂಡು ಓಗದು."

ಪ್ರಸ್ಥಾನ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹೊರಡುವ ದಿನ ದಿಕ್ಕು ಸರಿಯಿಲ್ಲದಿದ್ದರೆ, ಮೊದಲೇ ಒಂದು ಒಳ್ಳೆಯ ದಿನ ನೋಡಿ ನಮ್ಮ ಸಾಮಾನೊಂದನ್ನು ಆ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಪ್ರಯಾಣ ಅವತ್ತೇ ಶುರುವಾದ ಲೆಕ್ಕ. ಆಮೇಲೆ ಹೋಗುವಾಗ ಆ ಸಾಮಾನು ಎತ್ತಿಕೊಂಡು ಹೋದರಾಯಿತು. ಸಾಮಾನ್ಯವಾಗಿ ಒಂದು ಸೀರೆ, ಹಿಡಿ ಅಕ್ಕಿ, ಅರಿಸಿನದ ಕೊಂಬು ಇಡುತ್ತಾರೆ.

"ಸೀರೆ ಇಟ್ಟಿದ್ರೆ ಸಾಕಾಗಿತ್ತಲ್ಲಕ್ಕ. ಚೀಟಿ ಯಾಕೆ ಇಟ್ಟೆ?"

"ನೀನೇ ಅಂದ್ಯಲ್ಲ, ಅದ್ಕಿಂತ ಮುಖ್ಯ ಯಾವ್ದೂ ಇಲ್ಲ ಅಂತ. ಮುಖ್ಯವಾದ್ದನ್ನೇ ಅಲ್ವಾ ಪ್ರಸ್ಥಾನಕ್ಕೆ ಮಡಗದು?"

ನನಗೆ ಸಿಟ್ಟು ಬೇಕಾದಷ್ಟು ಬಂತು. ಅದನ್ನು ಡ್ರೈವರನ ಮೇಲೆ ತೀರಿಸಿಕೊಂಡು ಧನಗೆರೆಗೆ ಓಡಿಸಿದೆ. ಅಲ್ಲಿ ನಮ್ಮ ಚಿಕ್ಕಪ್ಪನ ಮಗನ ಮನೆ. ಬಾಗಿಲಿಗೆ ಬೀಗ.

ಎದುರು ಮನೆಯ ಜಗಲಿಯ ಮೇಲಿದ್ದ ಯಜಮಾನರೊಬ್ಬರು ಎದ್ದು ಬಂದರು. "ಅವ್ರು ಯಾರೂ ಇಲ್ಲ ಕಣಪ್ಪಾ. ಬಂಡಳ್ಳೀಲಿ ಅವ್ರ ಮಾವ ತೀರ್ಕಂಡ್ರು ಅಂತ ವತ್ತಾರೇನೇ ಎಲ್ರೂ ಮಣ್ಣಿಗೆ ಓದ್ರು. ಬೀಗದ ಕೈನೂ ಅವ್ರ ತಾವೇ ಅದೆ."

ಬಂಡಳ್ಳಿ ಬೆಂಗಳೂರಿನ ದಾರಿಯಲ್ಲಿಲ್ಲ. ಹಿಂದಕ್ಕೆ ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿಂದ ಹನೂರಿನ ಕಡೆ ಹೋಗಬೇಕು. ಬೀಗ ಒಡೆದುಬಿಡೋಣ, ಆಮೇಲೆ ಹೊಸದು ಹಾಕಿಸಿಕೊಟ್ಟರಾಯಿತು ಎಂದೆ.

"ಬೀಗ ಒಡ್ದು ತಕಂಡು ಓದ್ರೆ ಅದು ಪ್ರಸ್ಥಾನವಾ, ಕಳ್ತನವಾ?" ಎಂದಳು ಅಕ್ಕ. "ಬುಡು, ಕುಂತ್ಕಂಡೇ ಓಯ್ತೀನಿ. ಎಲ್ರೂ ಕುಂತ್ಕಂಡೇ ಅಲ್ವಾ ಓಗದು."

"ನೀನು ಎಲ್ಲರ ಹಾಗಲ್ಲ," ಎಂದು ರೇಗಿದೆ. ಡಾಕ್ಟರು ಹೇಳಿದ್ದನ್ನು ನಾನು ಅವಳಿಗೆ ಪೂರ್ತಿ ಹೇಳಿರಲಿಲ್ಲ. ಹೆಪ್ಪು ಮೇಲಕ್ಕೆ ಹೋದರೆ ಎಂಬ ಮಾತನ್ನು ನುಂಗಿಕೊಂಡಿದ್ದೆ. ಅವಳನ್ನು ಆ ಯಜಮಾನರ ಜಗಲಿಯ ಮೇಲೆ ಕೂರಿಸಿ, ಕಾಲು ಚಾಚಿಸಿ, ಕೆಳಗೊಂದು ದಿಂಬು ಕೊಟ್ಟು, ಬಂಡಳ್ಳಿಗೆ ಹೊರಟೆ.

ದಾರಿಯುದ್ದಕ್ಕೂ ಎತ್ತಿನ ಗಾಡಿ, ಕುರಿಮಂದೆ, ಕಬ್ಬಿನ ಟ್ರ್ಯಾಕ್ಟರು ಎಲ್ಲವೂ ನನಗಾಗಿಯೇ ರಸ್ತೆಗಿಳಿದಿದ್ದವು. ಬೆಂಗಳೂರಿನಲ್ಲಿ ಯಾರೋ ಒಬ್ಬ ಚೆನ್ನಾಗಿ ಇಸ್ತ್ರಿ ಮಾಡಿದ ಕೋಟು ತೊಟ್ಟು, ಆ ಕೊನೆಯ ಸೀಟಿನ ಮೇಲೆ ಕಣ್ಣಿಟ್ಟು ನಿಧಾನವಾಗಿ ಮನೆಯಿಂದ ಹೊರಡುತ್ತಿದ್ದಾನೆ ಎಂದು ನನಗೆ ಖಚಿತವಾಗಿತ್ತು.

ಬಂಡಳ್ಳಿಯ ಮನೆ ಮುಂದೆ ಚಪ್ಪರ, ಜನ, ಅಳು. ನಾನು ಚಪ್ಪರದೊಳಗೆ ಕಾಲಿಟ್ಟದ್ದೇ ತಡ, ಚಿಕ್ಕಪ್ಪನ ಮಗ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ದೂರದೇಸಕ್ಕೆ ಓಗೋ ದಿನಾನೂ ಬಂದ್ಯಲ್ಲಣ್ಣಾ," ಎಂದು ಅತ್ತ. ಅವನಿಗೆ ಬೀಗದ ಕೈ ಕೇಳುವ ಬಾಯಿ ಯಾರಿಗಿದೆ? ನನಗಿರಲಿಲ್ಲ. ಶವದ ಮುಂದೆ ಕೈಮುಗಿದು, ಹೂವು ಹಾಕಿ, ಗಂಡಸರ ಸಾಲಿನಲ್ಲಿ ಕೂತೆ. ಯಾರೋ ತೀರಿಕೊಂಡವರ ಒಳ್ಳೆಯತನ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಾ ಒಳಗೊಳಗೇ ಬೆವರುತ್ತಿದ್ದೆ. ಗಡಿಯಾರ ನೋಡಲೂ ನಾಚಿಕೆ.

ಕೊನೆಗೆ ನನ್ನನ್ನು ಕಂಡು ಹಿಡಿದವಳು ಅವನ ಹೆಂಡತಿ. ಸತ್ತದ್ದು ಅವಳ ಅಪ್ಪ. ಅತ್ತು ಅತ್ತು ಮುಖ ಊದಿಕೊಂಡಿತ್ತು. ಹೆಂಗಸರ ನಡುವಿನಿಂದ ಎದ್ದು ಬಂದು, ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು ನನ್ನ ಕೈಗಿಟ್ಟಳು. "ಅತ್ಗೆ ಪ್ರಸ್ಥಾನದ ಚೀಲ ಒಳ್ಗೇ ಉಳ್ಕತ್ತಲ್ಲ ಭಾವ. ದೇವ್ರ ಗೂಡಲ್ಲಿ ಮಡಗಿವ್ನಿ, ತಕಳಿ," ಎಂದಳು. ಅಂಥ ಹೊತ್ತಿನಲ್ಲೂ ಅವಳಿಗೆ ಅದು ನೆನಪಿತ್ತು. ನಾನು ತಲೆ ತಗ್ಗಿಸಿಕೊಂಡು ಕಾರಿಗೆ ಬಂದೆ.

ಧನಗೆರೆಗೆ ಮರಳಿದಾಗ ಅಕ್ಕ ಜಗಲಿಯ ಮೇಲೆ ಕಾಲು ಮಡಿಸಿಕೊಂಡು ಕೂತಿದ್ದಳು. ದಿಂಬು ಪಕ್ಕಕ್ಕಿತ್ತು. ಎದುರಿಗೆ ಆ ಯಜಮಾನರು ಎಲೆ ಅಡಿಕೆ ಹಾಕಿಕೊಂಡು ಮಳೆಬೆಳೆಯ ಮಾತಾಡುತ್ತಿದ್ದರು.

"ಕಾಲು ಯಾಕಕ್ಕ ಮಡಿಸ್ದೆ?" ಎಂದೆ, ಸ್ವಲ್ಪ ಜೋರಾಗಿಯೇ.

"ಮೆಲ್ಲಗೆ ಮಾತಾಡ್ಲಾ. ದೊಡ್ಡೋರು ಎದ್ರಿಗೆ ಕುಂತವ್ರೆ," ಎಂದಳು ಅವಳು. ಕಾಲಿನ ಮಾತನ್ನು ಮುಂದುವರಿಸಲು ನನಗೆ ಪುರುಸೊತ್ತಿರಲಿಲ್ಲ, ಬೀಗದತ್ತ ಓಡಿದೆ. ಅವಳು ಹಿಂದಿನಿಂದ ಕೂಗಿದಳು, "ನಿಂತ್ಕೋ. ಸಾವಿನ ಮನೆ ಒಕ್ಕು ಬಂದಿದ್ದೀಯ. ತಲೆ ಮ್ಯಾಲೆ ನೀರು ಉಯ್ಕಂಡು ಮುಟ್ಟು."

ಬಟ್ಟೆಯ ಸೂಟ್‌ಕೇಸು ಡಿಕ್ಕಿಯ ತಳದಲ್ಲಿತ್ತು. ಅದನ್ನು ತೆಗೆದು ಬಟ್ಟೆ ಬದಲಿಸುವಷ್ಟು ಹೊತ್ತು ಇರಲಿಲ್ಲ. ತೊಟ್ಟಿಯ ನೀರನ್ನು ಅಂಗಿ ಪ್ಯಾಂಟಿನ ಸಮೇತ ತಲೆಯ ಮೇಲೆ ಸುರಿದುಕೊಂಡು, ಬಾಗಿಲು ತೆಗೆದು, ಚೀಲ ತಂದೆ. ಚೀಟಿ ಅರಿಸಿನದ ಕೊಂಬಿನ ಪಕ್ಕದಲ್ಲಿ, ಅಕ್ಕಿಯ ನಡುವೆ, ಭದ್ರವಾಗಿ ಇತ್ತು. ಬೀಗದ ಕೈಯನ್ನು ಯಜಮಾನರಿಗೆ ಕೊಟ್ಟು ಹೊರಟೆವು. ಬೆಂಗಳೂರಿನವರೆಗೂ ನನ್ನ ಮೈಯಿಂದ ನೀರು ಇಳಿಯುತ್ತಿತ್ತು. ಅಕ್ಕ ಎರಡು ಸಲ ಬಾಳೆಹಣ್ಣು ಕೊಟ್ಟಳು.

ವಿಮಾನ ನಿಲ್ದಾಣದಲ್ಲಿ ಸಾಲು ಕರಗುತ್ತಾ ಬಂದಿತ್ತು. ಕೌಂಟರಿನ ಹುಡುಗಿ ಚೀಟಿಯನ್ನು ತಿರುಗಿಸಿ ನೋಡಿದಳು. ಅದರಿಂದ ಎರಡು ಅಕ್ಕಿಕಾಳು ಅವಳ ಕೀಬೋರ್ಡಿನ ಮೇಲೆ ಬಿದ್ದವು. ಮುಂದೆ ಒಂದೇ ಸೀಟು ಉಳಿದಿದೆ, ಇನ್ನೊಬ್ಬರೂ ಕಾಯುತ್ತಿದ್ದಾರೆ, ಕೌಂಟರು ಮುಚ್ಚುವಾಗ ಹೇಳುತ್ತೇವೆ ಎಂದಳು. ಪಕ್ಕಕ್ಕೆ ತಿರುಗಿದರೆ ಕೋಟಿನವನು ನಿಜವಾಗಿಯೂ ನಿಂತಿದ್ದ. ಅವನ ಕೋಟಿನಲ್ಲಿ ಒಂದು ಸುಕ್ಕೂ ಇರಲಿಲ್ಲ. ನನ್ನ ಅಂಗಿ ಅರ್ಧ ಒಣಗಿ ತೊಟ್ಟಿ ನೀರಿನ ವಾಸನೆ ಹೊಡೆಯುತ್ತಿತ್ತು.

ಆ ಕಾಯುವಿಕೆ ಎಷ್ಟು ಹೊತ್ತಿನದೋ ನನಗೆ ತಿಳಿಯದು. ನಾನು ನೋಡುತ್ತಿದ್ದದ್ದು ಅಕ್ಕನ ಪಾದವನ್ನು. ಅದು ಆಗಲೇ ಸ್ವಲ್ಪ ದಪ್ಪಗಾದಂತೆ ಕಂಡಿತು. ಸೀಟು ಸಿಗದಿದ್ದರೆ ವಾಪಸ್ ಕರೆದುಕೊಂಡು ಹೋಗಿಬಿಡಬೇಕು ಎಂದು ಒಮ್ಮೆ, ಅಲ್ಲಿ ದಿನ ತುಂಬಿದ ಹುಡುಗಿ ಅವ್ವ ಬರುತ್ತಾಳೆಂದು ಕಾಯುತ್ತಿದ್ದಾಳೆ ಎಂದು ಇನ್ನೊಮ್ಮೆ. ಎರಡರಲ್ಲಿ ಯಾವುದನ್ನು ಮಾಡಿದರೂ ಸಾಯುವವರೆಗೆ ನನ್ನನ್ನು ನಾನು ಕ್ಷಮಿಸುವುದಿಲ್ಲ ಅನಿಸುತ್ತಿತ್ತು. ಅಕ್ಕ ಮಾತ್ರ ಬರುವವರು ಹೋಗುವವರ ಬಟ್ಟೆಬರೆ ನೋಡುತ್ತಾ ಕೂತಿದ್ದಳು.

ಕೌಂಟರಿನ ಹುಡುಗಿ ಕರೆದಳು. ನನ್ನ ಕಾರ್ಡಿನ ಬಣ್ಣ ಕೋಟಿನವನ ಕಾರ್ಡಿಗಿಂತ ಒಂದು ಮೆಟ್ಟಿಲು ಮೇಲಿತ್ತು. ಜಪಾನಿನಿಂದ ಜ್ವರದಲ್ಲಿ ಊರು ಸುತ್ತಿ ಬಂದದ್ದು ಅಲ್ಲಿ ಕೈಹಿಡಿಯಿತು. ಅಕ್ಕನಿಗೆ ಮೂರನೇ ಸಾಲಿನ ಸೀಟು, ನನಗೆ ಹಿಂದೆ ಬಾಲದ ಹತ್ತಿರ. ಬೋರ್ಡಿಂಗ್ ಪಾಸು ಕೈಗೆ ಬಂದಾಗ ನನಗೆ ಅಳು ಬಂತು, ಅಲ್ಲೇ ಕೌಂಟರಿನ ಮುಂದೆ ಕಣ್ಣೊರೆಸಿಕೊಂಡೆ.

"ಬಿಗಡಾಯಿಸ್ತಾ?" ಎಂದಳು ಅಕ್ಕ ಗಾಬರಿಯಿಂದ.

"ಇಲ್ಲಕ್ಕ. ಸಿಕ್ತು."

"ಪ್ರಸ್ಥಾನ ಮಡಗಿದ್ದು ಒಳ್ಳೇದಾಯ್ತು," ಎಂದಳು.

ವಿಮಾನ ಹತ್ತಿದ ಮೇಲೆ ನಾನೇ ಅವಳನ್ನು ಕೂರಿಸಿ, ಗುಂಡಿ ತೋರಿಸಿ, ಗಗನಸಖಿಗೂ ಕಾಲಿನ ವಿಷಯ ಹೇಳಿ ಹಿಂದೆ ಬಂದೆ. ನಡುವೆ ಪರದೆ ಎಳೆದರು. ನಾನು ಒಂದು ಸಲ ಪರದೆಯವರೆಗೆ ಹೋದೆ. ಅಲ್ಲಿದ್ದವಳು, ಅವರು ಆರಾಮವಾಗಿದ್ದಾರೆ, ತೊಂದರೆ ಕೊಡಬೇಡಿ ಎಂದು ನಕ್ಕು ಕಳಿಸಿದಳು. ಎಷ್ಟೋ ತಿಂಗಳ ಮೇಲೆ ನನ್ನ ಎದೆ ಹಗುರವಾಯಿತು. ಇಬ್ಬರು ದಪ್ಪ ಮನುಷ್ಯರ ನಡುವೆ ಮೊಣಕಾಲು ಎದುರಿನ ಸೀಟಿಗೆ ಒತ್ತಿಕೊಂಡೇ ನಾನು ನಿದ್ದೆ ಹೋದೆ.

ಇಳಿಯುವಾಗ ಅಕ್ಕ ಸೀಟಿನ ಕೈಹಿಡಿ ಹಿಡಿದುಕೊಂಡು ನಿಂತಿದ್ದಳು. ಬಲಗಾಲಿನ ಚಪ್ಪಲಿ ಅವಳ ಕೈಯಲ್ಲಿತ್ತು. ಪಾದ ಊದಿ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಚಪ್ಪಲಿಯೊಳಗೆ ಹೋಗುವಂತಿರಲಿಲ್ಲ.

"ಸೀಟು ಮಲಗೋಕೆ ಆಗ್ಲಿಲ್ವಾ?" ಎಂದು ಕೇಳಿದೆ.

"ಚೆನ್ನಾಗಿ ಆಯ್ತಿತ್ತು. ಆ ಊಟ ಕೊಡೋ ಹೆಣ್ಮಗಾನೂ ಬಂದು ತೋರಿಸ್ಕೊಡ್ತು, ಮಂಚ ಇದ್ದಂಗೇ ಅದೆ." ಅಕ್ಕ ದನಿ ತಗ್ಗಿಸಿದಳು. "ಆದ್ರೆ ಮುಂದ್ಲ ಸೀಟಲ್ಲಿ ವಯಸ್ಸಾದೋರು ಕುಂತಿದ್ರು ಕಣ್ಲಾ, ನಮ್ಮಪ್ಪನಂಗೆ ತಲೆಯೆಲ್ಲಾ ಬೆಳ್ಳಗೆ. ಅವ್ರ ತಲೆ ಕಡೀಕೆ ಎಂಗ್ಲಾ ಕಾಲು ಚಾಚ್ಲಿ? ಮಡಿಸ್ಕಂಡು ಕುಂತ್ಕಂಡೆ."

ಅವಳು ರಾತ್ರಿಯಿಡೀ ಹಾಗೇ ಕೂತಿದ್ದಳು. ನಾನು ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಬೈಯಲು ಬಾಯಿ ತೆರೆದೆ, ಆದರೆ ಧನಗೆರೆಯ ಜಗಲಿ ನೆನಪಾಗಿ ಬಾಯಿ ಮುಚ್ಚಿಕೊಂಡೆ. ನಿಲ್ದಾಣದಿಂದ ನೇರ ಆಸ್ಪತ್ರೆಗೆ ಹೋದೆವು. ಪುಣ್ಯಕ್ಕೆ ಹೆಪ್ಪು ಕಟ್ಟಿರಲಿಲ್ಲ. ವಾರ ಕಾಲು ಎತ್ತರದಲ್ಲಿಟ್ಟು ಮಲಗಿರಬೇಕೆಂದರು. ಆ ವಾರದಲ್ಲೇ ಹೆರಿಗೆಯಾಯಿತು. ಅಕ್ಕ ಮಂಚದ ಮೇಲಿನಿಂದ ಹೇಳುತ್ತಾ ಹೋದಳು, ಅಳಿಯ ಎಣ್ಣೆ ಕಾಯಿಸಿ, ಮಗುವಿಗೆ ನೀರು ಹಾಕಿ, ಮೆಣಸಿನ ಸಾರು ಮಾಡುತ್ತಾ ಹೋದ. ಅವನು ಚೆನ್ನಾಗಿಯೇ ಮಾಡಿದ.

ಅವಳನ್ನು ಅಲ್ಲಿ ಬಿಟ್ಟು ಮರಳಿದ್ದ ನಾನು, ಮೂರು ತಿಂಗಳ ಮೇಲೆ ಕರೆತರಲು ಮತ್ತೆ ಹೋದೆ. ಡಬ್ಬದಲ್ಲಿ ಮೈಲಿ ಉಳಿದಿರಲಿಲ್ಲ. ಇಬ್ಬರಿಗೂ ಹಿಂದಿನ ಸೀಟೇ. ಅವಳಿಗೆ ಕಿಟಕಿ, ಪಕ್ಕದಲ್ಲಿ ನಾನು, ಎದುರಿಗೆ ಮೊಣಕಾಲು ತಾಗುವಷ್ಟು ಹತ್ತಿರದ ಸೀಟು. ಜರ್ಮನಿಯ ಡಾಕ್ಟರು ಮಾತ್ರೆ, ಬಿಗಿ ಕಾಲುಚೀಲ ಕೊಟ್ಟು, ಇವಿದ್ದರೆ ಕೂತು ಹೋಗಬಹುದು ಎಂದಿದ್ದರು. ಆದರೂ ಕಾಲನ್ನು ಎಲ್ಲಿಡಿಸುವುದು ಎಂಬ ಒಂದೇ ಯೋಚನೆ.

ವಿಮಾನ ಮೇಲೇರಿ ದೀಪ ಸಣ್ಣಗಾದಾಗ ಅಕ್ಕ ಕಿಟಕಿಗೆ ಬೆನ್ನು ಕೊಟ್ಟು, ನಡುವಿನ ಕೈಹಿಡಿಯನ್ನು ಮೇಲೆತ್ತಿ, ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ತೊಡೆಯ ಮೇಲೆ ಇಟ್ಟಳು. ಕೇಳಲೂ ಇಲ್ಲ.

ನಾನು ಅವಳನ್ನೇ ನೋಡಿದೆ.

"ಏನ್ಲಾ ನೋಡ್ತೀಯ? ನೀನು ಚಿಕ್ಕೋನು, ನಿನ್ ಮ್ಯಾಲೆ ಮಡಗಿದ್ರೆ ತಪ್ಪಿಲ್ಲ," ಎಂದಳು. "ಓಗೋವಾಗ ನಿನ್ನ ಎಲ್ಲೋ ಹಿಂದ್ಕೆ ಕಳಿಸ್ಬುಟ್ರಲ್ಲ."

ಹೀಗೆ ಹೇಳಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ನನ್ನ ತೊಡೆ ಮರಗಟ್ಟಿತು, ಬಾತ್‌ರೂಮಿಗೆ ಹೋಗಬೇಕೆನಿಸಿತು, ಊಟದ ತಟ್ಟೆ ಬಂದಾಗ ಬೇಡವೆಂದು ಕೈಯಲ್ಲೇ ತಿಳಿಸಿದೆ. ನಾನು ಅಲುಗಾಡಲಿಲ್ಲ. ಪಾದವನ್ನು ಆಗಾಗ ಮುಟ್ಟಿ ನೋಡುತ್ತಾ ಕೂತೆ.

ಬೆಂಗಳೂರಿನಲ್ಲಿ ಇಳಿಯುವಾಗ ಅಕ್ಕ ಬಗ್ಗಿ ಚಪ್ಪಲಿ ಹಾಕಿಕೊಂಡಳು. ಅದು ಕಾಲಿಗೆ ಸರಿಯಾಗಿ ಹಿಡಿಯಿತು.